ಎರಡಾಣೆಯ ನಂಬಿಕೆ

ಮೊನ್ನೆ ಊರಿಗೆ ಹೋಗಿದ್ದಾಗ ಅಜ್ಜಿಯ ಟ್ರಂಕಿನಲ್ಲಿ ಹಳೇ ಪಿಗ್ಮಿ ಪುಸ್ತಕವೊಂದು ಸಿಕ್ಕಿತು. ಪ್ರತಿ ಸಾಲಿನಲ್ಲೂ ಎರಡು ರೂಪಾಯಿ, ಪಕ್ಕದಲ್ಲಿ ಪುಟ್ಟ ಸಹಿ. ಅಜ್ಜಿಗೆ ಓದಲು ಬರುತ್ತಿರಲಿಲ್ಲ, ಬ್ಯಾಂಕಿನ ಮೆಟ್ಟಿಲು ಹತ್ತಿದವಳೂ ಅಲ್ಲ. ಹಾಗಿದ್ದರೆ ಯಾರನ್ನು ನಂಬಿ ದುಡ್ಡು ಕೊಟ್ಟಳು? ಬ್ಯಾಂಕನ್ನೋ, ಸಂಜೆ ಸೈಕಲ್ಲಿನಲ್ಲಿ ಬರುತ್ತಿದ್ದ ಆ ಮನುಷ್ಯನನ್ನೋ?

ಈ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಸ್ವಲ್ಪ ಹಿಂದಕ್ಕೆ ಹೋಗೋಣ.

1906ರಲ್ಲಿ ನಮ್ಮ ಕರಾವಳಿಯಲ್ಲಿ ಎರಡು ಬ್ಯಾಂಕುಗಳು ಹುಟ್ಟಿದವು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ್ದು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ನಿಧಿ ಕೆನರಾ ಬ್ಯಾಂಕ್ ಆಯಿತು. ತಮಾಷೆ ನೋಡಿ, ಅದೇ ವರ್ಷದ ಅಕ್ಟೋಬರಿನಲ್ಲಿ ಮದರಾಸಿನ ಅರ್ಬತ್‌ನಾಟ್ ಕಂಪನಿ ಮುಳುಗಿತು. ದೊಡ್ಡ ಬಿಳಿಯರ ದೊಡ್ಡ ಹೆಸರು! ಅದರ ಮುಖ್ಯಸ್ಥ ಸರ್ ಜಾರ್ಜ್ ಅರ್ಬತ್‌ನಾಟ್ ಜೈಲಿಗೂ ಹೋದ. ಠೇವಣಿ ಇಟ್ಟವರ ಗತಿ ಹೇಳಬೇಕಿಲ್ಲ. ಕರಾವಳಿಯ ಪುಟ್ಟ ಬ್ಯಾಂಕುಗಳು ಮಾತ್ರ ಉಳಿದು ಬೆಳೆದವು.

1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ಡಾ. ಟಿ.ಎಂ.ಎ. ಪೈ, ವಾಮನ ಕುಡ್ವ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಶುರುಮಾಡಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್. ಕಷ್ಟದಲ್ಲಿದ್ದ ನೇಕಾರರಿಗೆ ನೆರವಾಗುವುದು ಅದರ ಉದ್ದೇಶ. 1928ರಲ್ಲಿ ಅವರು ಪಿಗ್ಮಿ ಯೋಜನೆ ತಂದರು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಮನೆಬಾಗಿಲಿಗೇ ಬರುತ್ತಾನೆ.

ಇದರ ಜಾಣತನ ಇರುವುದು ಎರಡಾಣೆಯಲ್ಲೇ ಅನ್ನಿಸುತ್ತದೆ ನನಗೆ. ಹೋದರೆ ಎರಡಾಣೆ ತಾನೆ, ನೋಡೋಣ ಅನ್ನಬಹುದು. ನಾಳೆಯೂ ಅದೇ ಮುಖ ಬರುತ್ತದೆ, ಬರೆದು ಸಹಿ ಹಾಕುತ್ತದೆ. ಮಗಳ ಮದುವೆಗೆ ಕೇಳಿದಾಗ ದುಡ್ಡು ವಾಪಸ್ ಬರುತ್ತದೆ. ಅಕ್ಕಪಕ್ಕದವರು ಅದನ್ನು ನೋಡುತ್ತಾರೆ. ಹೀಗೆ ಮನುಷ್ಯನ ಮೇಲಿನ ನಂಬಿಕೆ ನಿಧಾನಕ್ಕೆ ಸಂಸ್ಥೆಗೆ ವರ್ಗವಾಗುತ್ತದೆ. ಆದರೆ ಆ ನಂಬಿಕೆ ಹೊತ್ತು ತಿರುಗಿದವರು ಕಮಿಷನ್ ಏಜೆಂಟರು, ಬ್ಯಾಂಕಿನ ನೌಕರರಲ್ಲ. ಅವರೂ ಕಾರ್ಮಿಕರೇ, ಕಮಿಷನ್ನೇ ಅವರ ಕೂಲಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2001ರಲ್ಲಿ!

ಈ ವರ್ಗಾವಣೆಗೆ ಇನ್ನೊಂದು ಮುಖವೂ ಇದೆ. ನಮ್ಮಪ್ಪ ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ಊರಿನ ಒಂದು ಪತ್ತಿನ ಸಂಘದಲ್ಲಿಟ್ಟರು. ಯಾಕೆ ಅಂದರೆ "ನಮ್ಮವರೇ ಇದ್ದಾರಲ್ಲ" ಅಂದರು. ಸಂಘ ಬಾಗಿಲು ಹಾಕಿತು. "ನಮ್ಮವರು" ರಸ್ತೆಯಲ್ಲಿ ಸಿಕ್ಕರೆ ಈಗಲೂ ನಮಸ್ಕಾರ ಮಾಡುತ್ತಾರೆ, ಅಷ್ಟೆ.

ಹಾಗಾದರೆ ಮುಖಪರಿಚಯ ಸಾಲದು. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಬಿದ್ದಮೇಲೆ ಸರಕಾರಕ್ಕೂ ಇದು ಅರ್ಥವಾಯಿತು. 1962ರಿಂದ ಠೇವಣಿ ವಿಮೆ ಬಂತು. ಆಗ ಮಿತಿ 1,500 ರೂಪಾಯಿ; 2020ರಲ್ಲಿ ಅದು 5 ಲಕ್ಷಕ್ಕೆ ಏರಿತು. ಆದರೆ ಇದು ಬ್ಯಾಂಕುಗಳಿಗೆ ಮಾತ್ರ, ಪತ್ತಿನ ಸಂಘಗಳಿಗೆ ಇಲ್ಲ. ಅಪ್ಪನಿಗೆ ಈ ವ್ಯತ್ಯಾಸ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಗೊತ್ತಿರಲಿಲ್ಲ.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ಬೋರ್ಡುಗಳು ಬದಲಾದವು, ಜನರ ದುಡ್ಡು ಭದ್ರವಾಗಿಯೇ ಇತ್ತು. ಸಂಸ್ಥೆ ಅಂದರೆ ಇದೇ ಇರಬೇಕು. ಹೆಸರು ಹೋದರೂ, ಮುಖ ಹೋದರೂ ಲೆಕ್ಕ ಉಳಿಯುವುದು.

ಅಜ್ಜಿ ಮಾತ್ರ ಕೊನೆಯವರೆಗೂ "ಬ್ಯಾಂಕಿನಲ್ಲಿ ದುಡ್ಡಿದೆ" ಅನ್ನಲಿಲ್ಲ. "ಆ ಹುಡುಗನ ಹತ್ರ ಇದೆ" ಅನ್ನುತ್ತಿದ್ದಳು. ಅವಳ ದುಡ್ಡು ಕೈಸೇರಿತು. ಹುಡುಗ ಒಳ್ಳೆಯವನಾಗಿದ್ದ, ನಿಜ. ಅವನ ಹಿಂದೆ ಒಂದು ಲೆಕ್ಕದ ಪುಸ್ತಕವೂ ಇತ್ತು. ಅಪ್ಪನಿಗೆ ಸಿಕ್ಕಿದ್ದು ಬರೀ ಮುಖ.

ನಿಮ್ಮ ಮನೆಗೂ ಪಿಗ್ಮಿಯವರು ಬರುತ್ತಿದ್ದರಾ?