ಸಂವೇದನಶೀಲತೆ

ಸಂವೇದನಶೀಲತೆ ಎಂದರೆ ಹೊರಗಿನ ಪ್ರಚೋದನೆಯನ್ನು ಗ್ರಹಿಸಿ ಅದಕ್ಕೆ ಪ್ರತಿಕ್ರಿಯಿಸುವ ಗುಣ. ಇಂಗ್ಲಿಷಿನ ಸೆನ್ಸಿಟಿವಿಟಿ ಎಂಬ ಒಂದೇ ಪದಕ್ಕೆ ಕನ್ನಡದಲ್ಲಿ ಸಂದರ್ಭಾನುಸಾರವಾಗಿ ಸಂವೇದನೆ, ಸೂಕ್ಷ್ಮತೆ, ಸೂಕ್ಷ್ಮಗ್ರಾಹಿತ್ವ ಮುಂತಾದ ಪದಗಳು ಬಳಕೆಯಲ್ಲಿವೆ.

ಪದದ ಮೂಲ

'ಸಂವೇದನೆ'ಯು 'ತಿಳಿ' ಎಂಬ ಅರ್ಥದ 'ವಿದ್' ಎಂಬ ಸಂಸ್ಕೃತ ಧಾತುವಿನಿಂದ ಬಂದಿದೆ. ಇದೇ ಧಾತುವಿನ 'ವೇದನೆ'ಗೆ ಕನ್ನಡದಲ್ಲಿ ನೋವು ಎಂಬ ಅರ್ಥವೇ ಪ್ರಧಾನವಾಗಿದೆ. 'ಸೂಕ್ಷ್ಮ' ಎಂದರೆ ಸಣ್ಣದು, ನಯವಾದುದು. ಬೇಗ ನೋಯುವ ಮನಸ್ಸನ್ನೂ ಈ ಪದ ಸೂಚಿಸುತ್ತದೆ.

ಸಸ್ಯಗಳಲ್ಲಿ

ಮುಟ್ಟಿದರೆ ಮುನಿ ಗಿಡದ ಎಲೆಗಳು ಸ್ಪರ್ಶಕ್ಕೆ ಮುದುಡುತ್ತವೆ. ಎಲೆಯ ಬುಡದ ಜೀವಕೋಶಗಳು ನೀರನ್ನು ಹೊರಬಿಡುವುದೇ ಇದಕ್ಕೆ ಕಾರಣ. ಹಾಸನ ಜಿಲ್ಲೆಯ ಬಾಗೂರು, ಚನ್ನರಾಯಪಟ್ಟಣದ ಕಡೆಯ ಹೊಲಗಳಿಗೆ ಪರಿಚಿತವಾದ ಅವರೆ ಇನ್ನೊಂದು ನಿದರ್ಶನ. ನಾಟಿ ಅವರೆಯು ಹಗಲಿನ ಅವಧಿಗೆ ಸಂವೇದಿಯಾದುದರಿಂದ ಹಗಲು ಕಿರಿದಾದಾಗ ಮಾತ್ರ ಹೂ ಬಿಡುತ್ತದೆ. ಆದುದರಿಂದಲೇ ಸೊಗಡಿನ ಅವರೆಕಾಯಿ ಚಳಿಗಾಲದಲ್ಲಿ ದೊರೆಯುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ-3 ಮತ್ತು 4 ತಳಿಗಳಿಗೆ ಈ ನಿರ್ಬಂಧವಿಲ್ಲದ ಕಾರಣ ಅವುಗಳನ್ನು ವರ್ಷವಿಡೀ ಬೆಳೆಯಬಹುದು.

ವೈದ್ಯಕೀಯದಲ್ಲಿ

ರೋಗವಿರುವವರ ಪೈಕಿ ಎಷ್ಟು ಮಂದಿಯನ್ನು ಪರೀಕ್ಷೆಯು ಸರಿಯಾಗಿ ಗುರುತಿಸುತ್ತದೆ ಎಂಬುದೇ ಅದರ ಸೂಕ್ಷ್ಮತೆ. 100 ರೋಗಿಗಳಲ್ಲಿ 90 ಮಂದಿಯನ್ನು ಗುರುತಿಸಿದರೆ ಸೂಕ್ಷ್ಮತೆ ಶೇ. 90, ಉಳಿದ 10 ಮಂದಿಗೆ 'ರೋಗವಿಲ್ಲ' ಎಂಬ ತಪ್ಪು ವರದಿ ಬರುತ್ತದೆ. ಕೋವಿಡ್ ಕಾಲದಲ್ಲಿ ರ‍್ಯಾಪಿಡ್ ಆಂಟಿಜೆನ್ ಪರೀಕ್ಷೆಯ ಸೂಕ್ಷ್ಮತೆ ಕಡಿಮೆಯಿದ್ದುದರಿಂದ, ಲಕ್ಷಣಗಳಿದ್ದೂ ನೆಗೆಟಿವ್ ಬಂದವರು ಆರ್‌ಟಿ-ಪಿಸಿಆರ್ ಪರೀಕ್ಷೆ ಮಾಡಿಸಬೇಕಾಗಿತ್ತು. ರೋಗವಿಲ್ಲದವರನ್ನು ಸರಿಯಾಗಿ ಗುರುತಿಸುವ ಗುಣಕ್ಕೆ ನಿರ್ದಿಷ್ಟತೆ ಎನ್ನುತ್ತಾರೆ. ಇವೆರಡನ್ನೂ ಒಂದೆಂದು ತಿಳಿಯಬಾರದು.

ಪ್ರಯೋಗಾಲಯದ ಕಲ್ಚರ್ ವರದಿಯಲ್ಲಿ ಈ ಪದಕ್ಕೆ ಬೇರೆ ಅರ್ಥವಿದೆ. ಅಲ್ಲಿ ಔಷಧಕ್ಕೆ 'ಸೆನ್ಸಿಟಿವ್' ಆಗಿರುವುದು ರೋಗಾಣುವೇ ಹೊರತು ರೋಗಿಯಲ್ಲ. ಆ ಔಷಧ ರೋಗಾಣುವಿನ ಮೇಲೆ ಕೆಲಸ ಮಾಡುತ್ತದೆ ಎಂಬುದು ಅದರ ಭಾವ. ಇದನ್ನು ಔಷಧದ ಅಲರ್ಜಿ ಎಂದು ಅರ್ಥೈಸಿದರೆ ಸರಿಯಾದ ಔಷಧವನ್ನೇ ಬಿಟ್ಟಂತಾಗುತ್ತದೆ.

ಉಪಕರಣಗಳಲ್ಲಿ

ಅತ್ಯಲ್ಪ ಬದಲಾವಣೆಯನ್ನೂ ತೋರಿಸುವ ಶಕ್ತಿಯೇ ಉಪಕರಣದ ಸಂವೇದನಶೀಲತೆ. ಗೌರಿಬಿದನೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಭೂಕಂಪ ಮಾಪನ ಕೇಂದ್ರವು ದೂರದ ಭೂಕಂಪಗಳನ್ನೂ ಭೂಗತ ಅಣುಸ್ಫೋಟಗಳನ್ನೂ ದಾಖಲಿಸಬಲ್ಲದು.

ಪರಿಸರ ಮತ್ತು ಆಡಳಿತದಲ್ಲಿ

ಇಲ್ಲಿ 'ಸೂಕ್ಷ್ಮ' ಎಂದರೆ ಸುಲಭವಾಗಿ ಹಾನಿಗೊಳಗಾಗುವಂತಹದು. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶವನ್ನು ಕುರಿತ 2014ರ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಸೇರಿತ್ತು. ಹಾಸನ ಜಿಲ್ಲೆಯ ಸಕಲೇಶಪುರದ ಗ್ರಾಮಗಳೂ ಅದರಲ್ಲಿದ್ದವು. ಗಣಿಗಾರಿಕೆಯಂತಹ ಚಟುವಟಿಕೆಗಳ ನಿಷೇಧ ಅದರ ಉದ್ದೇಶವಾಗಿದ್ದರೂ ಜೀವನೋಪಾಯಕ್ಕೆ ಧಕ್ಕೆಯಾದೀತೆಂಬ ಆತಂಕದಿಂದ ಮಲೆನಾಡಿನಲ್ಲಿ ವಿರೋಧ ವ್ಯಕ್ತವಾಯಿತು. ಚುನಾವಣೆಯಲ್ಲಿ ಗಲಭೆಯ ಸಂಭವವಿರುವ ಮತಗಟ್ಟೆಗಳನ್ನು 'ಸೂಕ್ಷ್ಮ', 'ಅತಿಸೂಕ್ಷ್ಮ' ಎಂದು ವಿಂಗಡಿಸುವುದುಂಟು.

ಸಾಹಿತ್ಯದಲ್ಲಿ

ಅನುಭವವನ್ನು ಗ್ರಹಿಸುವ ಮನೋಧರ್ಮಕ್ಕೆ ಕನ್ನಡ ವಿಮರ್ಶೆಯಲ್ಲಿ ಸಂವೇದನೆ ಎನ್ನುತ್ತಾರೆ. ಗೋಪಾಲಕೃಷ್ಣ ಅಡಿಗರ ಕಾವ್ಯದ ಚರ್ಚೆಯಲ್ಲಿ 'ನವ್ಯ ಸಂವೇದನೆ' ಎಂಬ ಪ್ರಯೋಗ ರೂಢಿಯಲ್ಲಿದೆ. ನಿತ್ಯಜೀವನದಲ್ಲಿ ಪರರ ನೋವನ್ನು ಅರಿತು ನಡೆಯುವವರನ್ನು ಸಂವೇದನಶೀಲರೆಂದು ಕರೆಯುತ್ತಾರೆ.