ಸೋಯಾ ಅವರೆ ಬೆಳೆಯಲ್ಲಿ ತುಕ್ಕು ರೋಗ: ಲಕ್ಷಣಗಳು, ಹತೋಟಿ ಮತ್ತು ರೈತರಿಗೆ ಮಾಹಿತಿ

ಸೋಯಾ ಅವರೆಯು ಬೆಳಗಾವಿ, ಧಾರವಾಡ, ಬೀದರ್ ಮುಂತಾದ ಜಿಲ್ಲೆಗಳ ಪ್ರಮುಖ ಮುಂಗಾರು ಬೆಳೆಯಾಗಿರುತ್ತದೆ. ಉತ್ತರ ಕರ್ನಾಟಕದಲ್ಲಿ 1990ರ ದಶಕದಿಂದ ಈ ಬೆಳೆಗೆ ತುಕ್ಕು ರೋಗವು ತೀವ್ರ ಹಾನಿಯನ್ನುಂಟುಮಾಡಿರುತ್ತದೆ. ಸಕಾಲದಲ್ಲಿ ಗುರುತಿಸದಿದ್ದಲ್ಲಿ ಕಾಳು ಕಟ್ಟುವ ಮೊದಲೇ ಎಲೆಗಳು ಉದುರಿ, ಇಳುವರಿಯು ಗಣನೀಯವಾಗಿ ಕುಂಠಿತವಾಗುವುದು.

ರೋಗಕಾರಕ:
ಫ್ಯಾಕೊಪ್ಸೋರಾ ಪ್ಯಾಕಿರೈಜಿ ಎಂಬ ಶಿಲೀಂಧ್ರವು ಈ ರೋಗಕ್ಕೆ ಕಾರಣ. ಜಪಾನಿನಲ್ಲಿ 1902ರಲ್ಲಿ ಮೊದಲು ವರದಿಯಾದ ಈ ರೋಗವು 2001ರಲ್ಲಿ ದಕ್ಷಿಣ ಅಮೆರಿಕದಲ್ಲಿ ಹಾಗೂ 2004ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕಾಣಿಸಿಕೊಂಡಿತು. ಇದು ಜೀವಂತ ಹಸಿರು ಎಲೆಯ ಮೇಲೆ ಮಾತ್ರ ಬೆಳೆಯಬಲ್ಲ ಪರಾವಲಂಬಿ. ಅಲಸಂದೆ, ತೊಗರಿ, ಬೀನ್ಸ್ ಸೇರಿದಂತೆ ದ್ವಿದಳ ಜಾತಿಯ ಅನೇಕ ಸಸ್ಯಗಳು ಇದಕ್ಕೆ ಆಶ್ರಯ ನೀಡುತ್ತವೆ.

ಲಕ್ಷಣಗಳು:
ಮೊದಲು ಕೆಳಗಿನ ಎಲೆಗಳ ಅಡಿಭಾಗದಲ್ಲಿ ಕಂದು ಬಣ್ಣದ ಸಣ್ಣ ಗುಳ್ಳೆಗಳು ಕಂಡುಬರುತ್ತವೆ. ಬೆರಳಿನಿಂದ ಉಜ್ಜಿದಾಗ ಕಂದು ಪುಡಿ ಅಂಟಿಕೊಳ್ಳುವುದು. ಬ್ಯಾಕ್ಟೀರಿಯಾದಿಂದ ಬರುವ ಗುಳ್ಳೆ ರೋಗದಲ್ಲಿ ಈ ಪುಡಿ ಇರುವುದಿಲ್ಲ. ನಂತರ ಎಲೆಗಳು ಹಳದಿಯಾಗಿ ಉದುರುತ್ತವೆ, ಕಾಳುಗಳು ಚಿಕ್ಕದಾಗುತ್ತವೆ.

ಹರಡುವಿಕೆ:
ರೋಗವು ಗಾಳಿಯ ಮೂಲಕ ಹರಡುತ್ತದೆ. ಬೀಜದ ಮೂಲಕ ಹರಡುವುದಿಲ್ಲ. ಆದುದರಿಂದ ಬೀಜೋಪಚಾರ ಮಾತ್ರದಿಂದ ಇದನ್ನು ತಡೆಯಲಾಗದು. ಎಲೆಯು ಸುಮಾರು 6 ಗಂಟೆ ತೇವವಾಗಿದ್ದು, ಹವೆ ತಂಪಾಗಿದ್ದಲ್ಲಿ ಸೋಂಕು ತಗಲುತ್ತದೆ. ಸೋಂಕು ತಗಲಿದ 7ರಿಂದ 10 ದಿನಗಳಲ್ಲಿ ಹೊಸ ಬೀಜಕಣಗಳು ಹೊರಬರುತ್ತವೆ. ಹೀಗಾಗಿ ಒಂದು ವಾರದ ವಿಳಂಬವೂ ನಷ್ಟಕ್ಕೆ ಕಾರಣವಾಗಬಹುದು.

ಹತೋಟಿ ಕ್ರಮಗಳು:
1. ಜೆ.ಎಸ್. 335 ತಳಿಯು ಈ ರೋಗಕ್ಕೆ ಬೇಗನೆ ತುತ್ತಾಗುತ್ತದೆ. ರೋಗ ಬರುವ ಪ್ರದೇಶಗಳಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯವು ಅಭಿವೃದ್ಧಿಪಡಿಸಿದ ಡಿ.ಎಸ್.ಬಿ. 21 ರೋಗ ನಿರೋಧಕ ತಳಿಯನ್ನು ಬಿತ್ತುವುದು ಸೂಕ್ತ.
2. ಮುಂಗಾರು ಆರಂಭದಲ್ಲಿಯೇ ಬಿತ್ತನೆ ಕೈಗೊಳ್ಳುವುದು. ಬೇಸಿಗೆಯಲ್ಲಿ ನೀರಾವರಿಯಡಿ ಸೋಯಾ ಅವರೆ ಬೆಳೆದಲ್ಲಿ ಶಿಲೀಂಧ್ರವು ಮುಂದಿನ ಹಂಗಾಮಿನವರೆಗೆ ಉಳಿದುಕೊಳ್ಳುವುದರಿಂದ ಅದನ್ನು ಕೈಬಿಡುವುದು.
3. ಹೂ ಬಿಡುವ ಹಂತದಿಂದ ವಾರಕ್ಕೆ ಎರಡು ಬಾರಿ ಕೆಳಗಿನ ಎಲೆಗಳ ಅಡಿಭಾಗವನ್ನು ಪರೀಕ್ಷಿಸುವುದು.
4. ಗುಳ್ಳೆಗಳು ಕಂಡ ಕೂಡಲೇ ಪ್ರತಿ ಲೀಟರ್ ನೀರಿಗೆ 1 ಮಿ.ಲೀ. ಹೆಕ್ಸಾಕೊನಜೋಲ್ 5 ಇ.ಸಿ. ಬೆರೆಸಿ, ಎಲೆಯ ಅಡಿಭಾಗವೂ ನೆನೆಯುವಂತೆ ಸಿಂಪಡಿಸುವುದು. ಅವಶ್ಯವಿದ್ದಲ್ಲಿ 15 ದಿನಗಳ ನಂತರ ಪುನಃ ಸಿಂಪಡಿಸುವುದು. ಸಿಂಪರಣೆ ಮತ್ತು ಕಟಾವಿನ ನಡುವಿನ ಅವಧಿಗೆ ಪೊಟ್ಟಣದ ಮೇಲಿನ ಸೂಚನೆಯನ್ನು ಪಾಲಿಸತಕ್ಕದ್ದು.

ಬೆಳೆ ವಿಮೆ:
2016ರಲ್ಲಿ ಜಾರಿಗೆ ಬಂದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಡಿ ರೋಗದಿಂದಾದ ನಷ್ಟವನ್ನು ವೈಯಕ್ತಿಕ ಜಮೀನುವಾರು ನಿರ್ಧರಿಸುವುದಿಲ್ಲ. ವಿಮಾ ಘಟಕದಲ್ಲಿ ಕೈಗೊಳ್ಳುವ ಬೆಳೆ ಕಟಾವು ಪ್ರಯೋಗಗಳ ಸರಾಸರಿ ಇಳುವರಿಯ ಆಧಾರದ ಮೇಲೆ ನಿರ್ಧರಿಸಲಾಗುವುದು. ಆದುದರಿಂದ ರೋಗ ಬಂದ ನಂತರ ಅರ್ಜಿ ಸಲ್ಲಿಸಲು ಕಾಯದೆ, ಹಂಗಾಮಿನ ಅಂತಿಮ ದಿನಾಂಕದೊಳಗೆ ನೋಂದಾಯಿಸಿಕೊಳ್ಳತಕ್ಕದ್ದು.

ಹೆಚ್ಚಿನ ಮಾಹಿತಿಗಾಗಿ ರೋಗಪೀಡಿತ ಎಲೆಗಳೊಂದಿಗೆ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ.