ನಮ್ಮನೆ ಮೆಟಡೋರ್‌ನ ಲೆಕ್ಕ

ನಾನು ಬೆಂಗಳೂರಲ್ಲಿ ಇಲ್ಲಿವರೆಗೆ ಐದು ಸಲ ಮನೆ ಬದಲಾಯಿಸಿದ್ದೀನಿ. ಪ್ರತಿ ಸಲವೂ ಅಮ್ಮ ಹಾಸನದಿಂದ ಫೋನ್ ಮಾಡಿ ಕೇಳೋದು ಒಂದೇ ಪ್ರಶ್ನೆ: 'ಮೆಟಡೋರ್‌ಗೆ ಎಷ್ಟು ಕೊಟ್ಟೆ?' ಕಳೆದ ಸಲ ಸಾಮಾನು ಹೊತ್ತಿದ್ದು ಟಾಟಾ ಏಸ್. ತಿದ್ದೋಕೆ ಹೋಗಲಿಲ್ಲ. ಅಮ್ಮನ ಪಾಲಿಗೆ ಸಾಮಾನು ಹೊರುವ ನಾಲ್ಕು ಚಕ್ರದ ಗಾಡಿಯೆಲ್ಲ ಮೆಟಡೋರೇ. ಅವಳೊಬ್ಬಳೇ ಅಲ್ಲ, ಜಮ್ಮುವಿನಲ್ಲಿ ಊರೊಳಗೆ ಓಡೋ ಮಿನಿಬಸ್ಸಿಗೂ ಜನ ಮೆಟಡೋರ್ ಅಂತಲೇ ಕರೀತಾರೆ.

1988ರಿಂದ 2002ರವರೆಗೆ ನಮ್ಮ ಮನೆ ಮುಂದೆ ಅಂಥದ್ದೊಂದು ನಿಂತಿತ್ತು. ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಾಗಲೇ ಅದಕ್ಕೆ ಏಳು ವರ್ಷ. ಅಪ್ಪ ತೀರಿಕೊಂಡ ಮೇಲೆ ಬೀರು ತೆಗೆದಾಗ ಅದರ ಲೆಕ್ಕದ ಪುಸ್ತಕ ಸಿಕ್ತು. ಆ ಪುಸ್ತಕ ಬಿಡಿಸೋ ಮೊದಲು ಗಾಡಿಯ ಪೂರ್ವಾಪರ ಸ್ವಲ್ಪ ಹೇಳ್ತೀನಿ.

ಮೆಟಡೋರ್ ಅಂದ್ರೆ ಸ್ಪ್ಯಾನಿಷ್‌ನಲ್ಲಿ ಗೂಳಿ ಕಾಳಗದ ವೀರ. ಹುಟ್ಟಿದ್ದು ಮಾತ್ರ ಜರ್ಮನಿಯಲ್ಲಿ. ಹ್ಯಾಂಬರ್ಗಿನ ವಿಡಾಲ್ ಅಂಡ್ ಸೋನ್ ಅನ್ನೋ ಕಂಪನಿ 'ಟೆಂಪೊ' ಹೆಸರಲ್ಲಿ ಮೂರು ಚಕ್ರದ ಗಾಡಿಗಳನ್ನ ಮಾಡ್ತಿತ್ತು. ಯುದ್ಧ ಮುಗಿದು ಊರುಗಳನ್ನ ಮತ್ತೆ ಕಟ್ಟೋ ಕಾಲ, ಸಾಮಾನು ಸಾಗಿಸೋ ಸಣ್ಣ ಗಾಡಿಗೆ ಎಲ್ಲಿಲ್ಲದ ಬೇಡಿಕೆ. 1949ರಲ್ಲಿ ಅವರು ನಾಲ್ಕು ಚಕ್ರದ ಮೆಟಡೋರ್ ತಂದ್ರು. ಎಂಜಿನ್ ಫೋಕ್ಸ್‌ವ್ಯಾಗನ್ನಿನದು. ಆದ್ರೆ 1950ರಲ್ಲಿ ಫೋಕ್ಸ್‌ವ್ಯಾಗನ್ನಿನವರೇ ಸ್ವಂತ ವ್ಯಾನ್ ಶುರು ಮಾಡಿದ್ರು. ಎದುರಾಳಿಗೆ ಎಷ್ಟು ದಿನ ಅಂತ ಎಂಜಿನ್ ಕೊಡ್ತಾರೆ? ಟೆಂಪೊದವರು ಬೇರೆ ಎಂಜಿನ್ ಹುಡುಕಿಕೊಳ್ಳಬೇಕಾಯ್ತು. ಆಮೇಲೆ ಕಂಪನಿ ಹಾನೊಮಾಗ್ ಕೈಗೆ ಹೋಯ್ತು, ಅಲ್ಲಿಂದ ಡೈಮ್ಲರ್-ಬೆಂಜ್ ಕೈಗೆ. ಅಲ್ಲಿ ಟೆಂಪೊ ಅನ್ನೋ ಹೆಸರೇ ಅಳಿಸಿಹೋಯ್ತು.

ಇಲ್ಲಿ ಆಗಿದ್ದು ಉಲ್ಟಾ. ಅದೇ ಜರ್ಮನ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು ಎನ್.ಕೆ. ಫಿರೋದಿಯಾ 1958ರಲ್ಲಿ ಬಜಾಜ್ ಟೆಂಪೊ ಕಟ್ಟಿದ್ರು. ಮೊದಲು ಬಂದಿದ್ದು ಹನ್ಸಿಯಾಟ್ ಅನ್ನೋ ಮೂರು ಚಕ್ರದ್ದು. ನಾವು ಇವತ್ತು ಯಾವುದಕ್ಕೂ 'ಟೆಂಪೊ' ಅನ್ನೋದು ಅಲ್ಲಿಂದ ಬಂದ ರೂಢಿ. ಅರವತ್ತರ ದಶಕ ಮುಗಿಯೋ ಹೊತ್ತಿಗೆ ಮೆಟಡೋರೂ ಪುಣೆಯಲ್ಲಿ ತಯಾರಾಗತೊಡಗಿತು. ತವರಲ್ಲಿ ಮರೆತುಹೋದ ಮೇಲೂ ಇಲ್ಲಿ 2000ದವರೆಗೆ ತಯಾರಾಗ್ತಾನೇ ಇತ್ತು.

ಅಷ್ಟು ಕಾಲ ಬಾಳೋಕೆ ನನ್ನ ಪ್ರಕಾರ ದೊಡ್ಡ ಕಾರಣ ಅದರ ನೆಲ. ಆ ಕಾಲದ ಅಂಬಾಸಿಡರ್, ಜೀಪು, ಲಾರಿ ಎಲ್ಲದರಲ್ಲೂ ಎಂಜಿನ್ ಮುಂದೆ, ಎಳೆಯೋದು ಹಿಂದಿನ ಚಕ್ರ. ನಡುವೆ ಉದ್ದಕ್ಕೂ ಶಾಫ್ಟ್ ಹೋಗಬೇಕು, ಹಾಗಾಗಿ ನೆಲ ಎತ್ತರವಾಗುತ್ತೆ. ಮೆಟಡೋರ್‌ನಲ್ಲಿ ಎಳೀತಿದ್ದದ್ದು ಮುಂದಿನ ಚಕ್ರ. ಹಿಂದೆ ಶಾಫ್ಟಿನ ಕಾಟ ಇಲ್ಲ, ನೆಲ ತಗ್ಗಿನಲ್ಲಿ ಕೂತಿತ್ತು. ಆಲೂಗಡ್ಡೆ ಮೂಟೆಯನ್ನ ಒಬ್ಬನೇ ಸೊಂಟದ ಎತ್ತರದಿಂದ ಒಳಗೆ ತಳ್ಳಬಹುದು. ಅಜ್ಜಿ ಯಾರ ಕೈಯನ್ನೂ ಹಿಡೀದೆ ಹತ್ತಬಹುದು. ಸ್ಕೂಲ್ ವ್ಯಾನ್, ಆಂಬ್ಯುಲೆನ್ಸ್, ಹಾಲಿನ ಗಾಡಿ, ಮದುವೆ ದಿಬ್ಬಣ, ಎಲ್ಲಕ್ಕೂ ಅದೇ ಆಗಿದ್ದು ಇದರಿಂದ.

ಆದ್ರೆ ಅದೇ ಗುಣ ಘಾಟಿಯಲ್ಲಿ ತಿರುಗಿ ಬೀಳ್ತಿತ್ತು. ಅಪ್ಪ ಹಾಸನದಿಂದ ಆಲೂಗಡ್ಡೆ ತುಂಬ್ಕೊಂಡು ಶಿರಾಡಿ ಇಳಿದು ಮಂಗಳೂರಿಗೆ ಹೋಗೋರು. ಬರುವಾಗ ಮೀನು. ಏರಲ್ಲಿ ಭಾರವೆಲ್ಲ ಹಿಂದಕ್ಕೆ ಜರುಗುತ್ತೆ, ಮುಂದಿನ ಚಕ್ರ ಹಗುರಾಗುತ್ತೆ, ಎಳೀಬೇಕಾದದ್ದು ಆ ಚಕ್ರವೇ. ಮಳೆಗಾಲದ ರಾತ್ರಿ ತಿರುವಿನಲ್ಲಿ ಚಕ್ರ ನಿಂತಲ್ಲೇ ಗಿರಗಿರ ಸುತ್ತೋದು. ಕ್ಲೀನರ್ ಕೆಳಗಿಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ನಾಲ್ಕು ಕ್ರೇಟು ಮೀನನ್ನ ಎತ್ತಿ ಮುಂದೆ ಸೀಟಿನ ಹತ್ರ ಇಡೋನು. ಒಂದ್ಸಲ ಬೇಸಿಗೆ ರಜೆ ಮುಗಿಯೋ ಹೊತ್ತಿಗೆ ನಾನೂ ಜೊತೆಗಿದ್ದೆ. ಸೀಟುಗಳ ಮಧ್ಯೆ ಕಾದ ಎಂಜಿನ್ ಮುಚ್ಚಳದ ಮೇಲೆ ಗೋಣಿಚೀಲ ಹಾಕಿ ಕೂತಿದ್ದೆ, ಪಕ್ಕದಲ್ಲೇ ಬಂಗುಡೆ. ಆ ವಾಸನೆ ಈಗಲೂ ಮೂಗಲ್ಲಿದೆ.

ಈಗ ಪುಸ್ತಕಕ್ಕೆ ಬರ್ತೀನಿ. ಅಪ್ಪನ ಅಕ್ಷರ ದುಂಡಗೆ, ಕಾಗುಣಿತ ಅವರದ್ದೇ. ಹೆಚ್ಚು ಸಲ ಬರೋದು ಕ್ಲಚ್ ಪ್ಲೇಟು. ಏರಲ್ಲಿ ಅರ್ಧ ಕ್ಲಚ್ಚಲ್ಲಿ ಹತ್ತಿಸಿದ್ರೆ ಇನ್ನೇನಾಗುತ್ತೆ? ಆಮೇಲೆ ಮುಂದಿನ ಆಕ್ಸಲ್ ಜಾಯಿಂಟು. ಮುಂದಿನ ಚಕ್ರ ಎಳೀಲೂಬೇಕು, ತಿರುಗಲೂಬೇಕು ಅಂದಾಗ ಅಲ್ಲಿನ ಜಾಯಿಂಟಿನ ಮೇಲೆ ಎರಡು ಕೆಲಸ. ಗ್ರೀಸ್ ಹೊರಗೆ ಬಂದು ಮಣ್ಣು ಒಳಗೆ ಹೋದ್ರೆ ತಿರುವಿನಲ್ಲಿ ಕಟಕಟ ಅನ್ನೋಕೆ ಶುರು. ಡಿಸೆಂಬರ್, ಜನವರಿ ಪುಟದಲ್ಲಿ 'ಹೀಟರ್ ಪ್ಲಗ್' ಅಂತ ಇದ್ದೇ ಇರುತ್ತೆ. ಡೀಸೆಲ್ ಎಂಜಿನ್‌ಗೆ ಕಿಡಿ ಬೇಡ, ಗಾಳಿಯನ್ನ ಒತ್ತಿದ ಬಿಸಿಗೇ ಎಣ್ಣೆ ಹತ್ತಿಕೊಳ್ಳುತ್ತೆ. ಆ ಕಾಲದ ಎಂಜಿನ್‌ನಲ್ಲಿ ಮಾತ್ರ ಚಳಿಗೆ ತಣ್ಣಗಾದ ಲೋಹ ಆ ಬಿಸಿಯನ್ನ ಹೀರಿಕೊಂಡುಬಿಡ್ತಿತ್ತು. ಮೊದಲು ಪ್ಲಗ್ ಕಾಯಿಸಬೇಕು, ಆಮೇಲೆ ಸೆಲ್ಫ್ ಹೊಡೀಬೇಕು. ಪ್ಲಗ್ ಸುಟ್ಟಿದ್ರೆ ಬೆಳಗಿನ ಜಾವ ಬೀದಿಯವರೆಲ್ಲ ಎದ್ದು ತಳ್ಳಬೇಕು.

ಕೊನೆಕೊನೆಗೆ 'ಟಿಂಕರ್' ಅನ್ನೋ ಪದ ಬೇರೆಲ್ಲವನ್ನೂ ಮೀರಿಸುತ್ತೆ. ಮೀನಿನ ಐಸ್ ಕರಗಿದ ಉಪ್ಪುನೀರು ನೆಲದ ತಗಡನ್ನ ತಿಂದುಹಾಕಿತ್ತು. ಒಂದು ಕಡೆ ಪ್ಯಾಚ್ ಹಾಕಿದ್ರೆ ಅದರ ಪಕ್ಕದಲ್ಲಿ ತೂತು. ತಪ್ಪು ಗಾಡಿಯದ್ದು ಅಂತ ನಾನು ಹೇಳಲಾರೆ. ಹೊರಲಾರದಷ್ಟು ಹೇರಿದ್ದು, ಬಂದ ಮೇಲೆ ತೊಳೆಯದೆ ಮಲಗಿದ್ದು ನಾವು. ಮೇಸ್ತ್ರಿ ಒಮ್ಮೆ ಅಪ್ಪನಿಗೆ ಹೇಳಿದ್ದು ನೆನಪಿದೆ: 'ಗೌಡ್ರೇ, ಇಂಜಿನ್ ಇನ್ನೂ ಹತ್ತು ವರ್ಷ ಬತ್ತದೆ. ಅದನ್ನ ಕೂರ್ಸಕ್ಕೆ ಬಾಡಿ ಎಲ್ಲದೆ ಹೇಳಿ?'

1998ರ ಪುಟಗಳನ್ನ ನಾನು ಎಕ್ಸೆಲ್‌ನಲ್ಲಿ ಹಾಕಿದೆ. ವೃತ್ತಿಯ ಚಟ. ಬಾಡಿಗೆ ಬಂದದ್ದು 1,32,000 ರೂಪಾಯಿ. ಡೀಸೆಲ್ 51,000. ರಿಪೇರಿ 27,300, ಅದರಲ್ಲಿ ಹೆಡ್ ಇಳಿಸಿ, ಬೋರ್ ಮಾಡಿಸಿ, ಪಿಸ್ಟನ್ ರಿಂಗ್ ಹಾಕಿಸಿದ್ದೇ 18,500. ಟೈರು 7,200. ತೆರಿಗೆ, ಇನ್ಶೂರೆನ್ಸ್, ಎಫ್‌ಸಿ ಸೇರಿ 6,900. ಕ್ಲೀನರ್ ಸಂಬಳ 9,600. ಉಳಿದದ್ದು 30,000. ಅಂದ್ರೆ ತಿಂಗಳಿಗೆ ಎರಡೂವರೆ ಸಾವಿರ.

ಎರಡೂವರೆ ಸಾವಿರ ಅನ್ನೋ ಅಂಕಿ ನನಗೆ ಬೇರೆ ಕಡೆಯಿಂದಲೂ ಗೊತ್ತಿತ್ತು. ಮಂಡಿಯ ಸಾಹುಕಾರರೊಬ್ಬರು ತಮ್ಮ ಲಾರಿ ಓಡಿಸೋಕೆ ಅಪ್ಪನನ್ನ ಕರೆದಿದ್ರು, ಅಷ್ಟೇ ಸಂಬಳಕ್ಕೆ. 'ಸ್ವಂತ ಗಾಡಿ ಇಟ್ಕೊಂಡು ಇನ್ನೊಬ್ಬರ ಸ್ಟೇರಿಂಗ್ ಹಿಡೀಬೇಕಾ?' ಅಂತ ಅಪ್ಪ ಅಮ್ಮನ ಹತ್ರ ಅಂದಿದ್ರು. ಪುಸ್ತಕದಲ್ಲಿ ಕ್ಲೀನರ್ ಸಂಬಳ ಇದೆ, ಡ್ರೈವರ್ ಸಂಬಳ ಅನ್ನೋ ಕಾಲಂ ಇಲ್ಲ. ಅದನ್ನ ಸೇರಿಸಿದ್ರೆ ಗಾಡಿ ದುಡಿದದ್ದು ಸೊನ್ನೆ. ವಾರಕ್ಕೆ ಮೂರು ರಾತ್ರಿ ನಿದ್ದೆಗೆಟ್ಟದ್ದು, ಭಾನುವಾರ ಗಾಡಿ ಕೆಳಗೆ ಮಲಗಿ ಗ್ರೀಸ್ ಹೊಡೆದದ್ದು, ಅಮ್ಮ ಬುತ್ತಿ ಕಟ್ಟಿದ್ದು, ಯಾವುದಕ್ಕೂ ಲೆಕ್ಕ ಇಲ್ಲ. 'ಹಳೇ ಗಾಡಿ, ಸಾಲ ಇಲ್ಲ, ಬಂದದ್ದೆಲ್ಲ ಲಾಭ' ಅಂತ ಊರಲ್ಲಿ ಎಲ್ಲರೂ ಅಂತಿದ್ರು. ನಾನೂ ಮೂವತ್ತು ವರ್ಷ ಹಾಗೇ ನಂಬಿದ್ದೆ. ನನ್ನ ಕಾರಿನ ಇಎಂಐ ಕಟ್ಟುವಾಗೆಲ್ಲ ಅಪ್ಪನದ್ದೇ ಜಾಣತನ ಅನ್ನಿಸ್ತಿತ್ತು.

ಸರ್ಕಾರದ ಲೆಕ್ಕವೂ ವರ್ಷ ಕಳೆದಂತೆ ಬಿಗಿಯಾಗ್ತಾ ಬಂದಿದೆ. ಬಾಡಿಗೆ ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಲಾರಿ, ಬಸ್ಸುಗಳ ಎಫ್‌ಸಿ ಶುಲ್ಕ 1,500ರಿಂದ 12,500ಕ್ಕೆ ಏರಿತು. ಖಾಸಗಿ ಕಾರಿನ ಮರುನೋಂದಣಿ 600ರಿಂದ 5,000ಕ್ಕೆ. ಇದನ್ನ ನೋಡೋಕೆ ಅಪ್ಪ ಇರಲಿಲ್ಲ.

ಇಷ್ಟೆಲ್ಲ ಆದ್ಮೇಲೂ 1999ರ ಜುಲೈ ಪುಟದಲ್ಲಿ ನನ್ನ ಕೈ ನಿಲ್ಲುತ್ತೆ. 'ನೆಲದ ತಗಡು ಪೂರ್ತಿ, 11,000' ಅಂತ ಬರೆದು ಹೊಡೆದುಹಾಕಿದ್ದಾರೆ. ಕೆಳಗೆ 'ಸುಮಾ ಫೀಸು'. ಅಕ್ಕ ಇಂಜಿನಿಯರಿಂಗ್ ಸೇರಿದ ವರ್ಷ ಅದು. ಆಮೇಲಿನ ಮೂರು ವರ್ಷ ಗಾಡಿ ಹಲಗೆಯ ನೆಲದ ಮೇಲೆ ಓಡಿತು. ಮೀನು ನಿಂತಿತು, ಆಲೂಗಡ್ಡೆ ಅರ್ಧಕ್ಕರ್ಧ ಆಯ್ತು, ಎಫ್‌ಸಿಗೆ ಹೋಗುವಾಗ ಹಲಗೆ ಮೇಲೆ ಮ್ಯಾಟ್ ಹಾಸ್ತಿದ್ರು. ಅಕ್ಕನಿಗೆ ಇದು ಗೊತ್ತಿರಲಿಲ್ಲ. ಪುಟದ ಫೋಟೊ ಕಳಿಸಿದೆ. ಎರಡು ದಿನ ಅವಳು ಉತ್ತರ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಕೊನೆಯ ನಮೂದು 2002ರ ಮಾರ್ಚ್‌ದು. ಅರಸೀಕೆರೆಯವರೊಬ್ಬರಿಗೆ 38,000ಕ್ಕೆ ಮಾರಿದ್ದು. ಅದರ ಕೆಳಗೆ ಪೆನ್ಸಿಲ್ಲಿನಲ್ಲಿ, 'ಸ್ಟೆಪ್ನಿ ಕೊಟ್ಟಿಲ್ಲ'. ಅದು ಹಿತ್ತಲಲ್ಲಿ ಈಗಲೂ ಇದೆ, ಅಮ್ಮ ಅದರೊಳಗೆ ಮಣ್ಣು ತುಂಬಿ ದೊಡ್ಡಪತ್ರೆ ಬೆಳೆಸಿದ್ದಾಳೆ.